ಹಕಾರ ಬಂದ ದಾರಿ

ಕನ್ನಡದಲ್ಲಿ ಒಬ್ಬ ಮನುಷ್ಯನನ್ನು ತುಂಬಿದ ಸಭೆಯಲ್ಲಿ ಕುಗ್ಗಿಸಬೇಕೆಂದಿದ್ದರೆ ಅವನ ವಿಚಾರವನ್ನು ಖಂಡಿಸುವ ಶ್ರಮ ಯಾರಿಗೂ ಬೇಕಾಗಿಲ್ಲ. ‘ಹ’ ಎನ್ನಬೇಕಾದಲ್ಲಿ ಅವನು ‘ಅ’ ಎಂದದ್ದನ್ನು ಎತ್ತಿ ಆಡಿದರೆ ಸಾಕು. ಪಂಚಾಯಿತಿಯ ಸದಸ್ಯರೊಬ್ಬರು ಕೆರೆಯ ಹೂಳಿನ ಬಗ್ಗೆ, ಬತ್ತಿದ ಬಾವಿಗಳ ಬಗ್ಗೆ ಮನಮುಟ್ಟುವಂತೆ ಮಾತಾಡಿ ವೇದಿಕೆಯಿಂದ ಇಳಿದರೂ ಕೇಳಿದವರಲ್ಲಿ ಕೆಲವರು ನೆನಪಿಟ್ಟುಕೊಂಡು ಹೋಗುವುದು ಅವರು ‘ಓದ ವರ್ಸ’ ಎಂದರು ಎಂಬುದನ್ನು ಮಾತ್ರ. ‘ಅಕಾರ ಹಕಾರ ಗೊತ್ತಿಲ್ಲದವರು’ ಎಂಬುದು ನಮ್ಮಲ್ಲಿ ಬೈಗುಳದ ಹಾಗೆಯೇ ಬಳಕೆಯಾಗುತ್ತದೆ. ಅತಿಥಿಗಳಿಗೆ ಆದರದ ಸ್ವಾಗತ ಕೋರಲು ಹೋಗಿ ‘ಹಾದರದ ಸ್ವಾಗತ’ ಕೋರಿದ ನಿರೂಪಕನ ಕಥೆಯನ್ನು ಕೇಳದ ಕನ್ನಡಿಗರು ಕಡಿಮೆ. ಆ ಕಥೆ ಹೇಳಿದಾಗಲೆಲ್ಲ ಕೋಣೆ ತುಂಬ ನಗು. ನನಗೆ ಆ ನಗುವಿನಲ್ಲಿ ಸೇರಲು ಎಂದೂ ಆಗಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ಸರಿಯಾಗಿ ಬಿಡಿಸಿ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ.

ಮಂಡ್ಯ ಸೀಮೆಯ ನಮ್ಮೂರಿನ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗನೊಬ್ಬ ಬೆಳಿಗ್ಗೆ ಎಮ್ಮೆ ಕರೆದು, ಡೇರಿಗೆ ಹಾಲು ಕೊಟ್ಟು, ಅಲ್ಲಿಂದಲೇ ತರಗತಿಗೆ ಬರುತ್ತಿದ್ದ. ತಡವಾದ ಒಂದು ದಿನ ಮೇಷ್ಟರು ಕಾರಣ ಕೇಳಿದರು. “ಡೇರಿಗೆ ಆಲು ಆಕ್ಬುಟ್ಟು ಬಂದೆ ಸಾ” ಎಂದ. ಮೇಷ್ಟರು ಅವನನ್ನು ಮುಂದಕ್ಕೆ ಕರೆದರು. ಅಂಗೈಯನ್ನು ಬಾಯಿಯ ಮುಂದೆ ಹಿಡಿಯಲು ಹೇಳಿ, ‘ಹಾಲು’ ಎಂದಾಗ ಅಂಗೈಗೆ ಉಸಿರು ತಾಗಬೇಕು, ತಾಗುವ ತನಕ ಹೇಳು ಎಂದರು. ಅವನು ಹೇಳಿದ. ತಾಗಲಿಲ್ಲ. ಮತ್ತೆ ಹೇಳಿದ. ಕೊನೆಗೆ ಉಸಿರನ್ನು ಜೋರಾಗಿ ಬಿಟ್ಟು, ಆಮೇಲೆ ಬೇರೆಯಾಗಿ ‘ಆಲು’ ಎಂದ. ತರಗತಿ ನಕ್ಕಿತು. ನಕ್ಕವರಲ್ಲಿ ಹೆಚ್ಚಿನವರು ಮನೆಯಲ್ಲಿ ಕುಡಿಯುತ್ತಿದ್ದದ್ದೂ ಆಲನ್ನೇ. ಅದಾದ ಮೇಲೆ ಅವನು ಕಂಡುಕೊಂಡ ಉಪಾಯ ನನಗೆ ಇನ್ನೂ ನೆನಪಿದೆ: ಮೇಷ್ಟರ ಮುಂದೆ ಆ ಪದವನ್ನೇ ಬಿಟ್ಟ. “ಎಮ್ಮೇದು ಕೊಟ್ಟು ಬಂದೆ ಸಾ” ಎನ್ನತೊಡಗಿದ. ಒಂದು ಮಗು ತನ್ನ ದಿನದ ಮೊದಲ ಕೆಲಸದ ಹೆಸರನ್ನು ಹೇಳದೆ ಸುತ್ತಿಕೊಂಡು ಹೋಗುವುದನ್ನು ಕಲಿತಿತ್ತು. ಮೇಷ್ಟರು ಕೆಟ್ಟವರಾಗಿರಲಿಲ್ಲ. ಶುದ್ಧವಾಗಿದ್ದ ಮಾತು ಹಳ್ಳಿಯ ಬಾಯಲ್ಲಿ ಕೆಟ್ಟಿದೆ, ಅದನ್ನು ಮೊದಲಿದ್ದ ಸ್ಥಿತಿಗೆ ತರುವುದು ತನ್ನ ಕರ್ತವ್ಯ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಮೊದಲಿದ್ದ ಸ್ಥಿತಿ ಯಾವುದು ಎಂಬ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

ಪಲ್ಮಿಡಿಯಿಂದ ಹಲ್ಮಿಡಿಗೆ

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಕಾಲ ಸುಮಾರು ಕ್ರಿ.ಶ. 450 ಎಂದು ಶಾಲೆಯ ಪುಸ್ತಕಗಳಲ್ಲೆಲ್ಲ ಇದೆ. ಕನ್ನಡದ ಹಳಮೆಗೆ ಸಾಕ್ಷಿಯೆಂದು ನಾವು ಹೆಮ್ಮೆಯಿಂದ ಎತ್ತಿ ತೋರಿಸುವ ಆ ಕಲ್ಲಿನಲ್ಲಿ ಊರಿನ ಹೆಸರು ಹಲ್ಮಿಡಿ ಎಂದಿಲ್ಲ, ‘ಪಲ್ಮಿಡಿ’ ಎಂದಿದೆ. ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ದತ್ತಿಯಾಗಿ ಕೊಟ್ಟ ಊರುಗಳಲ್ಲಿ ಪಲ್ಮಿಡಿಯೂ ಒಂದು. ಊರು ಅಲ್ಲೇ ಇದೆ, ಜನ ಅಲ್ಲೇ ಇದ್ದಾರೆ, ಪಕಾರ ಮಾತ್ರ ಹಕಾರವಾಗಿದೆ. ಆ ಕಲ್ಲನ್ನು ಕಡೆದವನು ಇಂದು ಬಂದು ನಮ್ಮ ಫಲಕವನ್ನು ಓದಿಸಿಕೊಂಡರೆ ನಮ್ಮ ಉಚ್ಚಾರವೇ ಅವನಿಗೆ ತಪ್ಪಾಗಿ ಕೇಳಿಸುತ್ತದೆ.

ಇದು ಒಂದು ಊರಿನ ಮಾತಲ್ಲ. ಹಾನಗಲ್ಲು ಶಾಸನಗಳಲ್ಲಿ ಪಾನುಂಗಲ್. ಹುಂಚ ಮೊದಲು ಪೊಂಬುರ್ಚ. ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸುವ ಪುಲಿಗೆರೆ ಮುಂದೆ ಹುಲಿಗೆರೆಯಾಯಿತು. ಈಗ ಅದು ಲಕ್ಷ್ಮೇಶ್ವರ. ಪಂಪಾ ಹಂಪೆಯಾಯಿತು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊಯ್ಸಳರ ಹೆಸರು. ‘ಪೊಯ್, ಸಳ’ ಎಂದು ಗುರು ಕೂಗಿದ, ಸಳ ಹುಲಿಯನ್ನು ಹೊಯ್ದ ಎಂಬ ಕಥೆ ನಮಗೆಲ್ಲ ಗೊತ್ತು. ಅವರ ಶಾಸನಗಳಲ್ಲಿ ‘ಪೊಯ್ಸಳ’ವೂ ಇದೆ, ‘ಹೊಯ್ಸಳ’ವೂ ಇದೆ. ಆ ಮನೆತನ ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ತಲೆ ಎತ್ತಿ ಹದಿನಾಲ್ಕನೆಯ ಶತಮಾನದ ನಡುವಿಗೆ ಮುಗಿಯಿತು. ಪದದ ಮೊದಲಿನ ಪಕಾರ ಕನ್ನಡದಲ್ಲಿ ಹಕಾರವಾಗಿ ತಿರುಗಿದ್ದೂ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ: ಹತ್ತನೆಯ ಶತಮಾನದ ಸುತ್ತ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಹಕಾರ ಇಣುಕುತ್ತದೆ, ನಂತರ ಎರಡೂ ರೂಪಗಳು ಒಟ್ಟಿಗೆ ನಡೆಯುತ್ತವೆ, ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಹಕಾರ ನೆಲೆ ನಿಂತಿರುತ್ತದೆ. ರಾಜ್ಯಭಾರ ಮಾಡುತ್ತಿರುವಾಗಲೇ ಒಂದು ರಾಜವಂಶದ ಹೆಸರಿನ ಮೊದಲ ಅಕ್ಷರ ಪ್ರಜೆಗಳ ಬಾಯಲ್ಲಿ ಬದಲಾಗಿಹೋಯಿತು. ಯಾವ ಅರಸನ ಆಜ್ಞೆಯೂ ಅದನ್ನು ತಡೆಯಲಿಲ್ಲ.

ಹಳೆಗನ್ನಡದ ಅಚ್ಚಗನ್ನಡ ಪದಗಳಲ್ಲಿ ಹಕಾರಕ್ಕೆ ಜಾಗವೇ ಇರಲಿಲ್ಲ. ಹರ, ಹಿಮ, ಹೃದಯ ಎಂಬಂಥ ಸಂಸ್ಕೃತದ ಪದಗಳ ಜೊತೆ ಅದು ಬಂದಿತ್ತು, ಅಷ್ಟೇ. ಹಾಲು, ಹಾವು, ಹಲ್ಲು, ಹೆಣ್ಣು, ಹೂ, ಹೊಲ, ಹಳ್ಳಿ, ಹತ್ತು ಇವೆಲ್ಲ ಪಾಲ್, ಪಾವು, ಪಲ್, ಪೆಣ್, ಪೂ, ಪೊಲ, ಪಳ್ಳಿ, ಪತ್ತು ಆಗಿದ್ದವು. ತಮಿಳು ಇಂದಿಗೂ ಹಾಲನ್ನು ಪಾಲ್ ಎನ್ನುತ್ತದೆ, ತೆಲುಗು ಪಾಲು ಎನ್ನುತ್ತದೆ. ಹತ್ತನೆಯ ಶತಮಾನದಲ್ಲಿ ಮೊದಲ ಬಾರಿಗೆ ‘ಹಾಲು’ ಎಂದ ಮಗುವನ್ನು ಯಾವನಾದರೂ ಉಪಾಧ್ಯಾಯ ಎಬ್ಬಿಸಿ ನಿಲ್ಲಿಸಿ, ತುಟಿ ಮುಚ್ಚಿ ‘ಪಾಲ್’ ಎನ್ನು ಎಂದು ಗದರಿಸಿರಬಹುದು. ಗದರಿಸಿದ್ದರೆ ಅವನ ವಾದಕ್ಕೆ ನಮ್ಮ ಮೇಷ್ಟರ ವಾದಕ್ಕಿಂತ ಹೆಚ್ಚಿನ ಬಲವಿತ್ತು. ಅವನ ಹಿಂದೆ ಶಾಸನಗಳೂ ಕಾವ್ಯಗಳೂ ನಿಂತಿದ್ದವು.

ತುಟಿ ಸಡಿಲವಾದಾಗ

ಪಕಾರವನ್ನು ಉಚ್ಚರಿಸಲು ಎರಡೂ ತುಟಿಗಳು ಪೂರ್ತಿ ಮುಚ್ಚಬೇಕು, ಒಳಗಿನ ಗಾಳಿ ಒಂದು ಕ್ಷಣ ತಡೆದು ನಿಲ್ಲಬೇಕು, ಆಮೇಲೆ ಸಿಡಿಯಬೇಕು. ಮುಚ್ಚುವುದು ಸ್ವಲ್ಪ ಸಡಿಲವಾದರೆ ದೀಪವನ್ನು ಊದುವಾಗ ಬರುವಂಥ ಗಾಳಿಯ ಸದ್ದು ತುಟಿಗಳ ನಡುವಿನಿಂದ ಬರುತ್ತದೆ. ತುಟಿಗಳು ತಮ್ಮ ಕೆಲಸವನ್ನು ಪೂರ್ತಿಯಾಗಿ ಬಿಟ್ಟರೆ ಗಂಟಲಿನ ಉಸಿರಷ್ಟೇ ಉಳಿಯುತ್ತದೆ, ಅದೇ ಹಕಾರ. ಆ ಉಸಿರೂ ತೆಳುವಾಗಿ ಇಲ್ಲವಾದರೆ ಮುಂದಿನ ಸ್ವರ ಮಾತ್ರ ನಿಲ್ಲುತ್ತದೆ. ಪಾಲ್, ಹಾಲು, ಆಲು. ನಮ್ಮ ಊರಿನ ಹುಡುಗನ ಬಾಯಲ್ಲಿ ನಡೆದದ್ದು ಇದೇ ದಾರಿಯ ಮುಂದಿನ ಹೆಜ್ಜೆ. ಮೊದಲ ಹೆಜ್ಜೆಯನ್ನು ನಾವು ‘ಭಾಷೆಯ ಬೆಳವಣಿಗೆ’ ಎಂದು ಪಠ್ಯದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ, ಎರಡನೆಯದನ್ನು ‘ಅಶುದ್ಧಿ’ ಎನ್ನುತ್ತೇವೆ. ಎರಡನ್ನೂ ನಡೆಸಿದ್ದು ಒಂದೇ ಬಗೆಯ ಸಡಿಲಿಕೆ.

ಈ ಬದಲಾವಣೆ ಮನಬಂದಂತೆ ನಡೆದದ್ದಲ್ಲ, ಅದಕ್ಕೊಂದು ಕಟ್ಟುನಿಟ್ಟಿದೆ ಎಂಬುದು ಗೊತ್ತಾದ ದಿನ ನನಗೆ ಬಹಳ ಸಂತೋಷವಾಗಿತ್ತು. ಉಪ್ಪು ‘ಉಹ್ಹು’ ಆಗಲಿಲ್ಲ. ತುಪ್ಪ, ಅಪ್ಪ, ಸೊಪ್ಪು, ಚಪ್ಪಲಿ ಯಾವುದೂ ಬದಲಾಗಲಿಲ್ಲ. ಒತ್ತಿನ ಪಕಾರದಲ್ಲಿ ತುಟಿಗಳು ಹೆಚ್ಚು ಹೊತ್ತು ಬಿಗಿಯಾಗಿ ಮುಚ್ಚಿರುವುದರಿಂದ ಅಲ್ಲಿ ಸಡಿಲಿಕೆಗೆ ಅವಕಾಶವಿರಲಿಲ್ಲ. ಕೆಂಪು, ತಂಪು, ಕಂಪು ಇವೂ ಉಳಿದವು, ಏಕೆಂದರೆ ಅನುಸ್ವಾರದ ಮಕಾರಕ್ಕಾಗಿ ತುಟಿಗಳು ಆಗಲೇ ಮುಚ್ಚಿಕೊಂಡಿದ್ದವು. ಹಂಪೆ ಎಂಬ ಒಂದೇ ಪದದಲ್ಲಿ ಇಡೀ ನಿಯಮವಿದೆ: ಪಂಪಾ ಎಂಬುದರ ಮೊದಲ ಪಕಾರ ಹೋಯಿತು, ಎರಡನೆಯದು ಅನುಸ್ವಾರದ ಆಶ್ರಯದಲ್ಲಿ ಉಳಿಯಿತು. ಹೊರಗಿನಿಂದ ಬಂದ ಪದಗಳು ಬೇಗ ಬಂದಿದ್ದರೆ ಅವೂ ಈ ಬದಲಾವಣೆಗೆ ಸಿಕ್ಕವು. ಸಂಸ್ಕೃತದ ಪರ್ವ ಹೀಗೆಯೇ ಹಬ್ಬವಾಯಿತು. ಪುಸ್ತಕದ ಕಥೆ ಇನ್ನೂ ಸೊಗಸು. ಅದು ಪ್ರಾಕೃತದ ಮೂಲಕ ಪೊತ್ತಗೆಯಾಗಿ ಬಂದು ಹೊತ್ತಗೆಯಾಯಿತು; ಅದೇ ಪದ ಸಂಸ್ಕೃತದ ರೂಪದಲ್ಲೇ ಬಳಕೆಗೆ ಬಂದು ಪುಸ್ತಕವಾಗಿಯೇ ಉಳಿದಿದೆ. ಅಚ್ಚಗನ್ನಡದಲ್ಲಿಯೂ ಕೆಲವು ಪಕಾರಗಳು ಉಳಿದುಕೊಂಡಿವೆ. ಪಡೆ ಎಂಬ ಹಳೆಯ ಕ್ರಿಯಾಪದಕ್ಕೆ ಗಳಿಸು ಎಂಬ ಅರ್ಥವೂ ಹೆರು ಎಂಬ ಅರ್ಥವೂ ಇತ್ತು. ಇಂದು ಗಳಿಸುವುದಕ್ಕೆ ಪಡೆ, ಹೆರುವುದಕ್ಕೆ ಹಡೆ ಎಂದು ಎರಡಾಗಿ ಒಡೆದಿದೆ. ಮೈಸೂರಿನ ಕಡೆ ಅರಿಶಿನದ ಪುಡಿಯಾದರೆ ಕರಾವಳಿಯ ಕನ್ನಡದಲ್ಲಿ ಅದು ಹುಡಿ.

ಕರಾವಳಿ ಎಂದಾಗ ಒಂದು ದಸರೆಯ ಸಂಜೆ ನೆನಪಾಗುತ್ತದೆ. ಮಂಗಳೂರಿನ ಒಂದು ಓಣಿಯಲ್ಲಿ ಸ್ನೇಹಿತರ ಮನೆಯ ಜಗಲಿಯ ಮೇಲೆ ಕುಳಿತಿದ್ದೆ. ದೂರದಿಂದ ತಾಸೆಯ ಸದ್ದು ಕೇಳಿಸಿತು. ಮೈಗೆ ಹಳದಿ ಕಪ್ಪು ಬಳಿದುಕೊಂಡ ವೇಷಧಾರಿಗಳು ತಿರುವಿನಲ್ಲಿ ಕಾಣಿಸುವ ಮೊದಲೇ ಮನೆಯ ಮಗು “ಪಿಲಿ ಬತ್ತ್ಂಡ್” ಎಂದು ಕೂಗುತ್ತ ಗೇಟಿಗೆ ಓಡಿತು. ಪಕ್ಕದ ಮನೆಯ, ಘಟ್ಟದ ಮೇಲಿನಿಂದ ಬಂದು ನೆಲೆಸಿದ ಕುಟುಂಬದ ಮಗು ಅದರ ಹಿಂದೆಯೇ “ಹುಲಿ ಬಂತು” ಎಂದು ಓಡಿತು. ಒಂದೇ ಪ್ರಾಣಿ, ಒಂದೇ ಮೂಲದ ಪದ, ಸಾವಿರ ವರ್ಷಗಳ ಅಂತರದ ಎರಡು ಉಚ್ಚಾರ ಒಂದೇ ಗೇಟಿನ ಬಳಿ ನಿಂತು ಕುಣಿಯುತ್ತಿದ್ದವು. ತುಳುವಿನಲ್ಲಿ ಹೂವು ಪೂ, ಹಬ್ಬ ಪರ್ಬ. ಕೊಡಗಿನಲ್ಲಿ ಕೊಡವರು ಪುತ್ತರಿ ಆಚರಿಸುವಾಗ ಅದೇ ಹಬ್ಬವನ್ನು ಕನ್ನಡದವರು ಹುತ್ತರಿ ಎನ್ನುತ್ತಾರೆ. ನೀಲಗಿರಿಯ ಬಡಗರ ಮಾತಿನಲ್ಲಿ ಮಾತ್ರ ಕನ್ನಡದ ಹಾಗೆಯೇ ಹಕಾರವಿದೆ, ತಮ್ಮ ಊರುಗಳನ್ನು ಅವರು ಹಟ್ಟಿ ಎಂದೇ ಕರೆಯುತ್ತಾರೆ. ಕನ್ನಡದಲ್ಲಿ ಹಕಾರ ಬಂದ ಮೇಲೆ ಕವಲೊಡೆದ ಮಾತು ಅದು ಎಂಬುದಕ್ಕೆ ಇದೊಂದು ಗುರುತು. ತುಳುವರಾಗಲಿ ಕೊಡವರಾಗಲಿ ‘ನೀವು ನಮ್ಮ ಪಕಾರವನ್ನು ಕೆಡಿಸಿದಿರಿ’ ಎಂದು ಕನ್ನಡದವರನ್ನು ಗೇಲಿ ಮಾಡಿದ್ದನ್ನು ನಾನು ಕೇಳಿಲ್ಲ.

ಬೇರೆ ನಾಡುಗಳ ಬಾಯಿ

ಜಪಾನಿನಲ್ಲಿ 1516ರ ಒಂದು ಒಗಟಿನ ಸಂಗ್ರಹವಿದೆ. ಅದರಲ್ಲೊಂದು ಒಗಟಿನ ಸಾರ ಹೀಗಿದೆ: ತಾಯಿಗಾಗಿ ಎರಡು ಸಲ ಕೂಡುತ್ತವೆ, ತಂದೆಗಾಗಿ ಒಂದು ಸಲವೂ ಕೂಡುವುದಿಲ್ಲ, ಏನದು? ಉತ್ತರ, ತುಟಿ. ಇಂದಿನ ಜಪಾನಿಯಲ್ಲಿ ತಾಯಿಗೆ ‘ಹಹ’ ಎನ್ನುತ್ತಾರೆ, ತಂದೆಗೆ ‘ಚಿಚಿ’. ಹಹ ಎನ್ನುವಾಗ ತುಟಿಗಳು ಕೂಡುವುದೇ ಇಲ್ಲವಾದ್ದರಿಂದ ಇಂದು ಆ ಒಗಟಿಗೆ ಅರ್ಥವೇ ಇಲ್ಲ. ಒಗಟು ಹುಟ್ಟಿದ ಕಾಲದಲ್ಲಿ ಆ ಪದ ತುಟಿಗಳ ನಡುವೆ ಊದಿದ ಗಾಳಿಯಿಂದ ‘ಫಫ’ ಎಂಬಂತೆ ಕೇಳಿಸುತ್ತಿತ್ತು, ಅದಕ್ಕೂ ಹಿಂದೆ ‘ಪಪ’ ಎಂದಿತ್ತು. 1603ರಲ್ಲಿ ನಾಗಸಾಕಿಯಲ್ಲಿ ಕ್ರೈಸ್ತ ಪಾದ್ರಿಗಳು ಅಚ್ಚು ಹಾಕಿಸಿದ ಜಪಾನಿ ನಿಘಂಟಿನಲ್ಲಿ ಹೂವಿನ ಪದ ‘ಫನ’ ಎಂದೇ ಇದೆ. ಇಂದು ಅದು ‘ಹನ’. ಒತ್ತಿನ ಪಕಾರ ಅಲ್ಲಿಯೂ ಉಳಿಯಿತು. ಆ ದೇಶದ ಹೆಸರಿಗೆ ಇರುವ ಎರಡು ರೂಪಗಳಲ್ಲಿ ನಿಪ್ಪೊನ್ ಎಂಬುದರಲ್ಲಿ ಪಕಾರವಿದೆ, ನಿಹೊನ್ ಎಂಬುದರಲ್ಲಿ ಹಕಾರವಿದೆ. ನಮ್ಮ ಉಪ್ಪನ್ನು ಕಾಪಾಡಿದ ನಿಯಮವೇ ಅವರ ನಿಪ್ಪೊನ್ನನ್ನೂ ಕಾಪಾಡಿದೆ. ಕನ್ನಡಕ್ಕೂ ಜಪಾನಿಗೂ ಯಾವ ನಂಟೂ ಬೇಕಿಲ್ಲ. ತುಟಿಗಳು ಎಲ್ಲರವೂ ಒಂದೇ ಬಗೆಯವು.

ಸ್ಪೇನಿನ ಉದಾಹರಣೆ ನನ್ನ ವಿಷಯಕ್ಕೆ ಇನ್ನೂ ಹತ್ತಿರದ್ದು. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ ‘ಫರೀನಾ’ ಎಂಬ ಪದವಿತ್ತು. ಸ್ಪ್ಯಾನಿಷ್‌ನಲ್ಲಿ ಆ ಫಕಾರ ಹಕಾರವಾಯಿತು. ನಂತರ ಹಕಾರವೂ ಬಿದ್ದುಹೋಗಿ ಇಂದು ಅದನ್ನು ‘ಅರೀನಾ’ ಎನ್ನುತ್ತಾರೆ. ಬರವಣಿಗೆಯಲ್ಲಿ ಮಾತ್ರ ಹಕಾರದ ಅಕ್ಷರ ಹಾಗೆಯೇ ಇದೆ. ಪ್ರಾಧ್ಯಾಪಕರು, ಮಂತ್ರಿಗಳು, ವಾರ್ತೆ ಓದುವವರು ಯಾರೂ ಅದನ್ನು ಉಚ್ಚರಿಸುವುದಿಲ್ಲ. ಹಳೆಯ ಹಕಾರ ಇನ್ನೂ ಕೇಳಿಸುವುದು ದಕ್ಷಿಣದ ಆಂಡಲೂಸಿಯಾದಂಥ ಕಡೆಗಳ ಹಳ್ಳಿಯ ಮಾತಿನಲ್ಲಿ. ಅಲ್ಲಿನ ಜಿಪ್ಸಿ ಹಾಡುಗಾರರ ಗಂಭೀರವಾದ ಹಾಡಿನ ಪ್ರಕಾರಕ್ಕೆ ‘ಕಾಂತೆ ಹೊಂದೊ’ ಎಂದು ಹೆಸರು, ಆಳದ ಹಾಡು ಎಂದು ಅರ್ಥ. ಶಿಷ್ಟ ಸ್ಪ್ಯಾನಿಷ್‌ನಲ್ಲಿ ಆಳವಾದದ್ದಕ್ಕೆ ಇರುವ ಪದದ ಉಚ್ಚಾರ ‘ಒಂದೊ’. ಹಳ್ಳಿಯವರು ಉಳಿಸಿಕೊಂಡ ಹಕಾರದಿಂದ ಅದು ‘ಹೊಂದೊ’ ಆಗಿದೆ. ಅಂದರೆ ಮ್ಯಾಡ್ರಿಡ್ಡಿನಲ್ಲಿ ಹಕಾರ ಬಿಟ್ಟವನು ಸುಶಿಕ್ಷಿತ, ಉಚ್ಚರಿಸಿದವನು ಹಳ್ಳಿಗ. ಬೆಂಗಳೂರಿನಲ್ಲಿ ಹಕಾರ ಉಚ್ಚರಿಸಿದವನು ಸುಶಿಕ್ಷಿತ, ಬಿಟ್ಟವನು ಹಳ್ಳಿಗ. ಇದನ್ನು ತಿಳಿದ ಮೇಲೆ ಹಕಾರದಲ್ಲೇ ಏನೋ ಶುದ್ಧಿ ಇದೆ ಎಂಬ ಮಾತನ್ನು ನಾನು ಒಪ್ಪಲಾರೆ. ಯಾರು ಹೇಗೆ ಮಾತಾಡುತ್ತಾರೆ ಎಂಬುದನ್ನು ನೋಡಿ, ಆಮೇಲೆ ಉಚ್ಚಾರಕ್ಕೆ ಬೆಲೆ ಕಟ್ಟುತ್ತಾರೆ.

ಯಾರ ಬಾಯಿ

ಕನ್ನಡದ ಮಟ್ಟಿಗೆ ‘ಯಾರು’ ಎಂಬ ಪ್ರಶ್ನೆಯನ್ನು ಮುಚ್ಚಿಡುವಂತಿಲ್ಲ. ವಿಲಿಯಂ ಬ್ರೈಟ್ ಎಂಬ ಅಮೆರಿಕದ ಭಾಷಾವಿಜ್ಞಾನಿ 1950ರ ದಶಕದಲ್ಲಿ ಆಡುಗನ್ನಡದ ವ್ಯಾಕರಣ ಬರೆದವರು. 1960ರ ಆಸುಪಾಸಿನಲ್ಲಿ ಅವರು ಬೆಂಗಳೂರಿನ ಬ್ರಾಹ್ಮಣರ ಮಾತನ್ನೂ ಒಕ್ಕಲಿಗರ ಮಾತನ್ನೂ ಹೋಲಿಸಿದರು. ಈ ಬಗೆಯ ಜಾತಿಯ ಮಾತುಗಳ ಬಗ್ಗೆ ಎ.ಕೆ. ರಾಮಾನುಜನ್ ಅವರ ಜೊತೆಗೂಡಿಯೂ ಬರೆದರು. ಹಳೆಗನ್ನಡದ ಪಾವು ಒಬ್ಬರ ಬಾಯಲ್ಲಿ ಹಾವು, ಇನ್ನೊಬ್ಬರ ಬಾಯಲ್ಲಿ ಆವು ಎಂಬುದು ಅವರು ಗುರುತಿಸಿದ ಎದ್ದು ಕಾಣುವ ವ್ಯತ್ಯಾಸಗಳಲ್ಲಿ ಒಂದು. ಅವರು ಅದನ್ನು ತಪ್ಪು ಸರಿಯೆಂದು ತೂಗಲಿಲ್ಲ, ಧ್ವನಿ ಬದಲಾವಣೆಯೆಂದು ದಾಖಲಿಸಿದರು. ನಾವು ತೂಗುತ್ತಲೇ ಬಂದಿದ್ದೇವೆ. ‘ಅಕಾರ ಹಕಾರ ಗೊತ್ತಿಲ್ಲ’ ಎಂಬ ಮಾತಿನ ಒಳಗೆ ಜಾತಿ, ಊರು, ಓದು, ಬಡತನ ನಾಲ್ಕೂ ಸೇರಿಕೊಂಡಿವೆ. ಹಾಗೆಂದು ಹೇಳಿಬಿಡದೆ ವ್ಯಾಕರಣದ ಹೆಸರಿನಲ್ಲಿ ಹೇಳುವ ಅನುಕೂಲ ಮಾತ್ರ ಅದಕ್ಕಿದೆ.

‘ಹಾದರದ ಸ್ವಾಗತ’ದ ಕಥೆಗೆ ನಾನು ನಗಲಾರದ ಕಾರಣವೂ ಇಲ್ಲೇ ಇದೆ. ಮನೆಯಲ್ಲಿ ಹಕಾರವಿಲ್ಲದೆ ಮಾತಾಡಿ ಬೆಳೆದ ಯಾರೂ ತಮ್ಮ ಪಾಡಿಗೆ ಬಿಟ್ಟರೆ ‘ಆದರ’ವನ್ನು ‘ಹಾದರ’ ಮಾಡುವುದಿಲ್ಲ, ಅಕ್ಕಿಯನ್ನು ಹಕ್ಕಿ ಮಾಡುವುದಿಲ್ಲ. ನಿನ್ನ ಬಾಯಿಯಲ್ಲಿ ಎಲ್ಲೋ ಒಂದು ಹಕಾರ ತಪ್ಪಿಹೋಗಿದೆ, ಹುಡುಕಿ ಹಾಕು ಎಂದು ಬಾಲ್ಯದಿಂದ ಕೇಳಿಸಿಕೊಂಡವನು, ಮೈಕಿನ ಮುಂದೆ ನಿಂತಾಗ, ಎಲ್ಲಿ ಹಾಕಬೇಕೆಂದು ತಿಳಿಯದೆ ಸ್ವರ ಬಂದಲ್ಲೆಲ್ಲ ಹಾಕುತ್ತಾನೆ. ಆ ತಪ್ಪು ಹಳ್ಳಿಯ ಮಾತಿನದಲ್ಲ, ಹಳ್ಳಿಯ ಮಾತಿಗೆ ಹುಟ್ಟಿಸಿದ ಭಯದ್ದು.

ಹಾಗಾದರೆ ಹಕಾರವನ್ನು ಕಲಿಸುವುದೇ ಬೇಡವೇ ಎಂದು ಸ್ನೇಹಿತರೊಬ್ಬರು ಕೇಳಿದರು. ಕಲಿಸಲೇಬೇಕು ಎಂಬುದು ನನ್ನ ಉತ್ತರ. ಬರಹದ ಕನ್ನಡದಲ್ಲಿ ಆಡು ಬೇರೆ ಹಾಡು ಬೇರೆ, ಅಲ್ಲಿ ಬೇರೆ ಹಲ್ಲಿ ಬೇರೆ. ಆ ಹುಡುಗ ಅರ್ಜಿ ಬರೆಯಬೇಕು, ಪರೀಕ್ಷೆ ಬರೆಯಬೇಕು, ಕಾವ್ಯ ಓದಬೇಕು. ಬೀದರಿನವನು ಬರೆದದ್ದನ್ನು ಚಾಮರಾಜನಗರದವನು ಓದಬೇಕಾದರೆ ಒಂದು ಕಾಗುಣಿತ ಬೇಕು. ಮಹಾಪ್ರಾಣಗಳನ್ನೇ ಬರಹದಿಂದ ಕೈಬಿಡಬಹುದು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮುಂದಿಟ್ಟ ವಾದ ಬಹಳ ದೊಡ್ಡದು, ಅದರ ಚರ್ಚೆಗೆ ಬೇರೆಯದೇ ಜಾಗ ಬೇಕು. ಹಕಾರವನ್ನಂತೂ ಬರಹದಲ್ಲಿ ಬಿಡಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಮಾತು ಕಲಿಸುವ ಬಗೆಯ ಕುರಿತದ್ದು. ಸ್ಪೇನಿನ ಮಗು ‘ಅರೀನಾ’ ಎಂದಾಗ ಅಲ್ಲಿನ ಉಪಾಧ್ಯಾಯರು ಬಾಯಿಯ ಮುಂದೆ ಅಂಗೈ ಹಿಡಿಸುವುದಿಲ್ಲ. ಈ ಪದವನ್ನು ಬರೆಯುವಾಗ ಮೊದಲಲ್ಲಿ ಈ ಅಕ್ಷರವಿರುತ್ತದೆ ಎಂದು ಕಾಗುಣಿತವಾಗಿ ಕಲಿಸುತ್ತಾರೆ, ಮಗು ಕಣ್ಣಿನಿಂದ ಕಲಿಯುತ್ತದೆ.

ನಮ್ಮಲ್ಲಿ ಇದಕ್ಕಿಂತಲೂ ಸುಲಭವಾದ ದಾರಿಯಿದೆ, ಏಕೆಂದರೆ ನೆರೆಯ ಭಾಷೆಗಳು ಪಕಾರವನ್ನು ಉಳಿಸಿಕೊಂಡಿವೆ. ‘ಆಲು’ ಎನ್ನುವ ಮಗುವಿಗೆ ತಮಿಳಿನ ಪಾಲ್, ‘ಊವು’ ಎನ್ನುವ ಮಗುವಿಗೆ ತುಳುವಿನ ಪೂ ತೋರಿಸಿ, ಅಲ್ಲಿ ಪಕಾರ ಬಂದ ಕಡೆ ನಮ್ಮ ಬರಹದಲ್ಲಿ ಹಕಾರ ಎಂದು ಹೇಳಿದರೆ ಆಡು ಯಾವುದು, ಹಾಡು ಯಾವುದು ಎಂದು ಅದೇ ಬಿಡಿಸಿಕೊಳ್ಳುತ್ತದೆ: ತಮಿಳಿನಲ್ಲಿ ಮೇಕೆ ಆಡು, ಹಾಡುವುದು ಪಾಡು. ಬೆಂಗಳೂರು, ಕೋಲಾರ, ಚಾಮರಾಜನಗರಗಳ ಎಷ್ಟೋ ತರಗತಿಗಳಲ್ಲಿ ತಮಿಳೋ ತೆಲುಗೋ ಮನೆಮಾತಾಗಿರುವ ಮಕ್ಕಳು ಇದ್ದೇ ಇರುತ್ತಾರೆ. ಅಂಥ ತರಗತಿಯಲ್ಲಿ ಹಕಾರದ ಪಾಠವನ್ನು ಆ ಮಕ್ಕಳಿಂದಲೇ ಆರಂಭಿಸಬಹುದು. ಅವರು ತಮ್ಮ ಮನೆಯ ಪದಗಳನ್ನು ಒಂದೊಂದಾಗಿ ಹೇಳುತ್ತ ಹೋಗಲಿ. ಮಂಡ್ಯದ ಕಡೆಯ ಮಕ್ಕಳು ತಮ್ಮ ಮನೆಯ ಪದಗಳನ್ನು ಪಕ್ಕದಲ್ಲೇ ಹೇಳಲಿ. ಮೇಷ್ಟರು ಎರಡರ ನಡುವೆ ಬರಹದ ರೂಪವನ್ನು ಹಲಗೆಯ ಮೇಲೆ ಬರೆಯಲಿ.